‘ಸರಿಯಾಯಿತು, ಧನ್ಯವಾದ’ ಎಂದವನು ನಾನೇ

ಆರು ವರ್ಷದ ಹಿಂದೆ ವೇದಿಕೆಯ ಈ ಪುಟದಲ್ಲಿ, ನೇಯ್ದ ಅಂಚು ಸೊಟ್ಟಗೆ ಬರುತ್ತದೆ ಎಂಬ ಪ್ರಶ್ನೆಯ ಕೆಳಗೆ, ‘ಸರಿಯಾಯಿತು, ಧನ್ಯವಾದ’ ಎಂದಷ್ಟೇ ಬರೆದು ಮಾಯವಾದ ಮನುಷ್ಯ ನಾನೇ. ಹೇಗೆ ಸರಿಯಾಯಿತು ಎಂದು ಬರೆಯಲಿಲ್ಲ. ಮರೆತು ಅಲ್ಲ — ಬೇಕಂತಲೇ ಬರೆಯಲಿಲ್ಲ. ಕೆಳಗೆ ‘ಹೇಗೆ, ದಯವಿಟ್ಟು ಹೇಳಿ’ ಎಂದು ಕೇಳಿ ಕೇಳಿ ಸುಸ್ತಾದವರೆಲ್ಲ ನನ್ನನ್ನು ಬೈದುಕೊಂಡಿರುತ್ತೀರಿ. ಬೈದದ್ದು ಸರಿಯೇ ಇದೆ. ಹೋದ ತಿಂಗಳು ನಾನೂ ಬೈದೆ, ಅದನ್ನು ಆಮೇಲೆ ಹೇಳುತ್ತೇನೆ.

ಸರಿಪಡಿಸುವ ಬಗೆಯನ್ನು ಮೇಲೆ ಮರಾಠಿಯಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಅವಸರವಿದ್ದವರು ಅದನ್ನು ಓದಿಕೊಂಡು ಹೋಗಿ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಅಕ್ಕಲಕೋಟೆ ಹತ್ತಿರದ ವಾಗದರಿಯ ಮಹಾದೇವಿಗಾಗಿ. ಅವಳು ಕನ್ನಡ ಶಾಲೆಯಲ್ಲಿ ಕಲಿತವಳು.

ನಾನು ಸೊಲ್ಲಾಪುರದಲ್ಲಿ ಚಾದರದ ಕಾರಖಾನೆಗಳಿಗೆ ಡಿಸೈನ್ ಮಾಡಿಕೊಡುವವನು. ಹೂವು, ಬಳ್ಳಿ, ಅಂಚು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ತುಂಬಿ ಕೊಟ್ಟರೆ ಮಗ್ಗ ಅದನ್ನು ಹಾಗೇ ನೇಯುತ್ತದೆ. ಅಪ್ಪ ಇದೇ ಕೆಲಸವನ್ನು ಗ್ರಾಫ್ ಕಾಗದದ ಮೇಲೆ ಮಾಡುತ್ತಿದ್ದರು. ಯಾರಾದರೂ ಒಳಗೆ ಬಂದರೆ ಸಾಕು, ಕಾಗದದ ಮೇಲೆ ಟವೆಲ್ ಹಾಸಿಬಿಡುವರು. ಕೆಲಸ ಮುಗಿದ ಮೇಲೆ ಆ ಕಾಗದ ಬಚ್ಚಲ ಒಲೆಗೆ. ಕಸಬಿನ ಗುಟ್ಟನ್ನು ಬರೆದಿಡುವ ಪದ್ಧತಿಯೇ ನಮ್ಮ ಮನೆಯಲ್ಲಿರಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ — ಅಪ್ಪ ಟವೆಲ್ ಹಾಸಿದ್ದು ತಾವು ಬರೆದದ್ದರ ಮೇಲೆ. ನಾನು ಹಾಸಿದ್ದು ಇನ್ನೊಬ್ಬರು ಕೊಟ್ಟದ್ದರ ಮೇಲೆ.

ಆರು ವರ್ಷದ ಹಿಂದೆ, ನಾನು ಡಿಸೈನ್ ತುಂಬುವ ತಂತ್ರಾಂಶದ ಹೊಸ ಆವೃತ್ತಿ ಬಂದಿತ್ತು. ತೆರೆಯ ಮೇಲೆ ಅಂಚು ನೆಟ್ಟಗೆ, ನೇಯ್ದ ಬಟ್ಟೆಯಲ್ಲಿ ಮಾತ್ರ ಸೊಟ್ಟ! ಕಂಪನಿಗೆ ಫೋನ್ ಮಾಡಿದರೆ ಬರೀ ಸಂಗೀತ. ತಲೆ ಚಿಟ್ಟು ಹಿಡಿದು, ಬೇರೆ ದಾರಿ ಕಾಣದೆ, ಬಳಕೆದಾರರ ಈ ವೇದಿಕೆಗೆ ಸೇರಿದೆ. ಹೆಸರು ಬೇರೆ ಇಟ್ಟುಕೊಂಡೆ, ‘ಬಾರ್ಡರ್ ಕಿಂಗ್’ ಎಂದು. ಈಗ ಓದಿದರೆ ನನಗೇ ಹೇಸಿಗೆ.

ಪ್ರಶ್ನೆ ಹಾಕಿದ ಮರುದಿನವೇ ಇಳಕಲ್ಲಿನ ಹಿರಿಯ ಡಿಸೈನರ್ ಒಬ್ಬರು ತಮ್ಮ ಫೋನ್ ನಂಬರ್ ಕಳಿಸಿದರು. ನನ್ನ ಮುಖ ಕಂಡವರಲ್ಲ, ಹೆಸರು ಕೇಳಿದವರಲ್ಲ. ಫೋನಿನಲ್ಲೇ ಒಂದು ತಾಸು ಬೇಸರವಿಲ್ಲದೆ ಕೂತು, ಇಲ್ಲಿ ಒತ್ತಿ ಅಲ್ಲಿ ನೋಡಿ ಎಂದು ಹೇಳಿಕೊಟ್ಟರು. ಮಗ್ಗದಲ್ಲಿ ನೂಲು ಎತ್ತುವ ಹುಕ್ಕುಗಳ ಪೈಕಿ ಖಾಲಿ ಇರುವವನ್ನೂ ಎಣಿಕೆಗೆ ಹಿಡಿಯುವ ಒಂದು ಟಿಕ್ ಗುರುತು ತಂತ್ರಾಂಶದ ಒಳಗೆಲ್ಲೋ ಅಡಗಿತ್ತು. ಅದನ್ನು ತೆಗೆದರೆ ಮುಗಿಯಿತು, ಅಷ್ಟೇ. ಕೊನೆಗೆ ಅವರು ಕೇಳಿದ್ದು ಒಂದೇ ಮಾತು.

“ಈಗ ಇದನ್ನ ಅಲ್ಲೇ ಬರದ ಹಾಕ್ರಿ. ನನಗ ಟೈಪ್ ಮಾಡಾಕ ಕಣ್ಣ ಕಾಣಂಗಿಲ್ಲ. ಮುಂದಿನವರಿಗೆ ಅನುಕೂಲ ಆಗ್ತದ.”

ಹೂಂ ಎಂದೆ. ಆಮೇಲೆ ಬರೆದದ್ದು ಆ ಎರಡು ಪದ.

ಮಹಾದೇವಿ ಮೂರು ವರ್ಷ ನನ್ನ ಬಳಿ ಕೆಲಸ ಕಲಿತು, ಆ ಹೊಸ ಆವೃತ್ತಿ ಬರುವ ಮೊದಲೇ ಊರಿಗೆ ಹೋದವಳು. ವಾಗದರಿಯಲ್ಲಿ ಕೂತೇ ಸೊಲ್ಲಾಪುರದ ಕೆಲಸ ಮಾಡಬೇಕು, ತನ್ನ ಹೆಸರಿನಲ್ಲೇ ಮಾಡಬೇಕು ಎಂಬುದು ಅವಳ ಹಟ. ಅದೇ ವರ್ಷ ಒಂದು ಕಾರಖಾನೆಯ ಮಾಲಕರು ಅವಳ ಜೋಳದ ತೆನೆಯ ಅಂಚನ್ನು ಮೆಚ್ಚಿ, ಮಾದರಿ ನೇಯಿಸುತ್ತೇನೆ ಎಂದಿದ್ದರು. ಅದೇ ಅವಳ ಮೊದಲ ಕೆಲಸ. ಮಾದರಿ ಸೊಟ್ಟಗೆ ಬಂತು. ಈ ಪುಟದಲ್ಲಿ, ನನ್ನ ಧನ್ಯವಾದದ ಕೆಳಗೆ, ಮೂರು ಸಲ ಕೇಳಿದಳು. ಬಾರ್ಡರ್ ಕಿಂಗ್ ಯಾರೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಕೊನೆಗೆ ನನಗೇ ಫೋನ್ ಮಾಡಿದಳು.

“ಅಣ್ಣಾ, ಅಲ್ಲಿ ಯಾರೋ ಒಬ್ಬಾವ ಸರಿ ಮಾಡ್ಕೊಂಡಾನ, ಹೆಂಗಂತ ಹೇಳವಲ್ಲ. ನಿಮಗೇನರ ಗೊತ್ತದೇನ್ರಿ?”

“ಇಲ್ಲವಾ, ನಂದೂ ಹಂಗ ಆಗಾಕತ್ತದ.”

ಇದೇ ನನ್ನ ತಪ್ಪು. ಒಂದು ನಿಮಿಷದ ಮಾತು — ಹೇಳಬಹುದಿತ್ತು. ನನ್ನ ಕೈಯಲ್ಲಿ ಕಲಿತವಳು ನನ್ನ ಗಿರಾಕಿಗಳ ಬಾಗಿಲಿಗೇ ಬಂದಳಲ್ಲ ಎಂಬ ಹೊಟ್ಟೆಕಿಚ್ಚು, ಬೇರೇನಲ್ಲ. ಎರಡನೆಯ ಮಾದರಿಯೂ ಸೊಟ್ಟಗೆ ಬಂದಾಗ ಮಾಲಕರು ಅವಳ ಫೈಲನ್ನು ನನಗೆ ಕೊಟ್ಟು ಸರಿ ಮಾಡಲು ಹೇಳಿದರು. ಗುರುತು ತೆಗೆದೆ. ಎಂಟು ದಿನ ಇಟ್ಟುಕೊಂಡು, ಮೊದಲಿಂದ ಕೈಯಾರೆ ತುಂಬಿದೆ ಎಂದು ಹೇಳಿ ಕೊಟ್ಟೆ. ಜೋಳದ ತೆನೆಯ ಚಾದರ ನನ್ನ ಡಿಸೈನ್ ಎಂದೇ ಹೊರಬಂತು. ಮಹಾದೇವಿ ಅದನ್ನೂ ನಂಬಿದಳು. ಅಷ್ಟೊಂದು ಚೌಕ ತುಂಬಿ ಕಣ್ಣು ನೋಯಿಸಿಕೊಂಡಿರೇನು ಎಂದು ಕೇಳಿದಳು. ಆಮೇಲೆ ಅವಳಿಗೆ ಯಾರೂ ಕೆಲಸ ಕೊಡಲಿಲ್ಲ. ಕಂಪ್ಯೂಟರ್ ಮಾರಿ, ಅಕ್ಕಲಕೋಟೆಯಲ್ಲಿ ಬ್ಲೌಸ್ ಹೊಲಿಯಲು ಕೂತಳು.

ಹೋದ ತಿಂಗಳು ನನ್ನ ಕಂಪ್ಯೂಟರ್ ಕೆಟ್ಟು ಹೊಸದು ತಂದೆ. ತಂತ್ರಾಂಶ ಹಾಕಿದೆ. ಅಂಚು ಸೊಟ್ಟ. ಆ ಗುರುತು ಎಲ್ಲಿತ್ತು? ನೆನಪಿಲ್ಲ. ಎಲ್ಲಿಯಾದರೂ ಬರೆದಿದ್ದರೆ ತಾನೇ! ಇಳಕಲ್ಲಿನವರ ನಂಬರ್ ಬಂದ್ ಆಗಿತ್ತು. ಹುಡುಕಿದರೆ ಇಡೀ ಜಗತ್ತಿನಲ್ಲಿ ಇದರ ಬಗ್ಗೆ ಇರುವುದು ಒಂದೇ ಪುಟ. ಅದರಲ್ಲಿ ಯಾವನೋ ಬರೆದಿದ್ದಾನೆ, ಸರಿಯಾಯಿತು ಧನ್ಯವಾದ. ಯಾವ ಮೂರ್ಖನೋ ಇವನು, ನಾಲ್ಕು ಸಾಲು ಬರೆದರೆ ಇವನ ಗಂಟೇನು ಹೋಗುತ್ತಿತ್ತು ಎಂದು ಬಾಯಿಬಿಟ್ಟೇ ಬೈದೆ. ಆಮೇಲೆ ಹೆಸರು ನೋಡಿದೆ.

ನಾಲ್ಕು ದಿನ ತಡಕಾಡಿದೆ. ಸಿಗಲಿಲ್ಲ. ಕೊನೆಗೆ — ಮಾನಗೆಟ್ಟು — ಅಕ್ಕಲಕೋಟೆಯ ಬಸ್ಸು ಹತ್ತಿದೆ. ಆ ತಂತ್ರಾಂಶ ಬಳಸಿದವರಲ್ಲಿ ನನಗೆ ಗೊತ್ತಿದ್ದವಳು ಅವಳೊಬ್ಬಳೇ.

ಮಹಾದೇವಿ ಹೊಲಿಗೆ ನಿಲ್ಲಿಸಿ ಚಹಾ ತರಿಸಿದಳು. ನನ್ನ ತೊಂದರೆ ಕೇಳಿ, ಅಳತೆಯ ಪುಸ್ತಕದ ಕೆಳಗಿನಿಂದ ಒಂದು ನೋಟ್‌ಬುಕ್ ತೆಗೆದಳು. ಕಂಪ್ಯೂಟರ್ ಮಾರುವ ದಿನ ಮುಂಜಾನೆ, ಕೊನೆಯ ಸಲ ಎಂದು ಒಂದೊಂದೇ ಗುರುತು ತೆಗೆದು, ಮಗ್ಗಕ್ಕೆ ಹೋಗುವ ಫೈಲಿನ ಹುಕ್ಕುಗಳ ಎಣಿಕೆ ನೋಡಿದ್ದಳಂತೆ. ಆಗ ಸಿಕ್ಕಿತ್ತಂತೆ. ಅಷ್ಟರಲ್ಲಿ ಚಾದರ ಹೊರಬಂದು ತಿಂಗಳಾಗಿತ್ತು. ಹಾಳೆಯನ್ನು ಹರಿದು ನನ್ನ ಕೈಗಿಟ್ಟಳು.

“ಕಂಪ್ಯೂಟರ್ ಜೋಡಿ ತಂತ್ರಾಂಶನೂ ಮಾರೀನಿ, ಈಗ ನನಗ ಅಲ್ಲಿ ಬರಿಯಾಕ ಬಿಡಂಗಿಲ್ರಿ. ಆ ಪುಣ್ಯಾತ್ಮ ಅಂತೂ ಬರೀಲಿಲ್ಲ. ಅಣ್ಣಾ, ನೀವರ ಬರೀರಿ.”

ನಾನು ಹೂಂ ಎಂದೆ. ಎರಡನೆಯ ಸಲ. ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ಅವಳ ಚಹಾ ಕುಡಿದು ಬಂದೆ.

ಮಹಾದೇವಿ, ಆ ಪುಣ್ಯಾತ್ಮ ನಾನೇ. ಜೋಳದ ತೆನೆ ನಿನ್ನದು ಎಂದು ಮಾಲಕರಿಗೆ ಇವತ್ತು ಹೋಗಿ ಹೇಳಿದೆ. ಆರು ವರ್ಷ ತಡವಾಗಿ. ನಾಳೆ ಮುಂಜಾನೆ ಇದನ್ನು ಪ್ರಿಂಟ್ ತೆಗೆದುಕೊಂಡು ನಿನ್ನ ಅಂಗಡಿಗೆ ಬರುತ್ತೇನೆ. ಕ್ಷಮಿಸು ಎನ್ನಲು ಬಾಯಿಲ್ಲ. ನೀನು ಓದಿ ಮುಗಿಸುವವರೆಗೆ ನಿಂತಿರುತ್ತೇನೆ.

ಉಳಿದವರಿಗೆ: ಮೇಲಿನ ಹಂತಗಳು ಅವಳ ಹಾಳೆಯಲ್ಲಿದ್ದಂತೆಯೇ ಇವೆ, ಮರಾಠಿಗೆ ತಂದದ್ದಷ್ಟೇ ನಾನು, ಒಂದು ಹಂತವೂ ನನ್ನದಲ್ಲ. ನಿಮ್ಮ ಅಂಚು ನೆಟ್ಟಗಾದರೆ ಇಲ್ಲಿ ನನಗೆ ಧನ್ಯವಾದ ಬರೆಯಬೇಡಿ. ಹೇಗೆ ನೆಟ್ಟಗಾಯಿತು ಎಂಬುದನ್ನು ಬರೆಯಿರಿ.