ಗಂಡಸರು ಸುಮ್ಮನಿದ್ದ ಜಾಗ

ಸತ್ತವರ ದನಿ ಕೇಳಿದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಸಾರ. ಕೆಲಸವಿಲ್ಲದವರ ಕಾಯಿಲೆ ಅದು ಎಂದುಕೊಂಡಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯುತ್ತಿದ್ದೇನೆ. ಮೊಮ್ಮಕ್ಕಳೇ, ನಗುವುದಾದರೆ ನಕ್ಕುಬಿಡಿ. ಬಾಯಲ್ಲಿ ಹೇಳಲು ನಾಚಿಕೆಯಾಗಿ ಬರೆಯುತ್ತಿದ್ದೇನೆ.

ಅಮೃತೂರಿನ ಹತ್ತಿರದ ನಮ್ಮೂರಲ್ಲಿ ನಿಮ್ಮ ತಾತ ತೀರಿಕೊಂಡಾಗ ನಾನು ಅಳಲಿಲ್ಲ. ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ. ಸತ್ತವರನ್ನು ಕರೆದು, ಅವರ ಗುಣ ಹೇಳಿ, ಹಾಡಿಕೊಂಡು ಅಳುತ್ತಾರೆ. ಅಷ್ಟು ಜನರ ಮುಂದೆ ನನಗೆ ಬಾಯೇ ಬರಲಿಲ್ಲ.

"ಕಲ್ಲು ಕಣೇ ನೀನು. ಒಂದ್ಸಲ ಕರ್ದು ಕಳ್ಸಕ್ಕೂ ಆಗ್ಲಿಲ್ವಾ?" ಎಂದಳು ನನ್ನ ನಾದಿನಿ. ಅವಳ ಅಳು ಊರಿಗೆಲ್ಲ ಕೇಳಿತ್ತು. ಬದುಕಿದ್ದಾಗ ಅಣ್ಣನಿಗೆ ಒಂದು ಲೋಟ ನೀರು ಕೊಟ್ಟವಳಲ್ಲ. ಆದರೂ ಆ ಮಾತು ಮುಳ್ಳಾಗಿ ಒಳಗೇ ಉಳಿಯಿತು.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ನಿಮ್ಮ ಪೈಕಿ ಸಿಂಚನ ನನ್ನನ್ನು ತುಮಕೂರಿನ ಒಂದು ಚರ್ಚಿಗೆ ಕರೆದೊಯ್ದಳು. ಅವಳ ಕಾಲೇಜಿನವರು ಅಲ್ಲಿ ಹಾಡು ಅಭ್ಯಾಸ ಮಾಡುತ್ತಿದ್ದರು.

"ಸತ್ತೋರಿಗೆ ಶಾಂತಿ ಕೇಳೋ ಹಾಡು ಕಣಜ್ಜಿ. ಲ್ಯಾಟಿನ್."

"ಆ ಮಾತು ಯಾರ ಮನೇಲಿ ಆಡ್ತಾರೆ?"

"ಈಗ ಯಾರೂ ಆಡಲ್ಲ."

"ಸರಿ ಬುಡು. ಸತ್ತೋರಿಗೆ ಸತ್ತಿರೋ ಭಾಷೆ."

ತಾಳವಿಲ್ಲ, ತಂಬೂರಿಯಿಲ್ಲ. ಒಂದು ಗುಂಪು ಎತ್ತಿದ ಸಾಲು ಮುಗಿಯುವ ಮೊದಲೇ ಇನ್ನೊಂದು ಗುಂಪು ಅದನ್ನೇ ಎತ್ತಿಕೊಳ್ಳುತ್ತಿತ್ತು. ನಾಲ್ಕು ಗುಂಪು, ನಾಲ್ಕು ದಾರಿ; ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ಕೂಗಿದ ಹಾಗೆ. ಒಂದೇ ಅಕ್ಷರವನ್ನು ಜಗ್ಗಿ ಜಗ್ಗಿ ಹಗ್ಗ ಹೊಸೆದರು. ಅಳುವುದಕ್ಕೂ ಪುಸ್ತಕ ಹಿಡಿದು, ಹಾಡಿಸುವ ಮೇಷ್ಟ್ರ ಕೈ ನೋಡುವ ಜನ. ನಾನು ಆಕಳಿಸಿದೆ.

ಆಮೇಲೆ ಗಂಡಸರು ನಿಲ್ಲಿಸಿದರು. ಹುಡುಗಿಯರು ಮಾತ್ರ ತೆಳ್ಳಗೆ ಹಾಡತೊಡಗಿದರು. ಆ ದನಿಗಳ ಅಡಿಯಲ್ಲಿ ಒಂದು ಗಂಡು ದನಿ ಕೇಳಿತು. "ಊಂ" ಎಂದು ಎಳೆದು, ಕೊನೆಗೆ ಸ್ವಲ್ಪ ಮುರಿಯುವ ದನಿ. ನಿಮ್ಮ ತಾತ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಒತ್ತಿ ಸುಲಿಯುವಾಗ ಪ್ರತಿ ಕಾಯಿಗೂ ಹಾಗೇ ಅನ್ನುತ್ತಿದ್ದರು. ನಲವತ್ತು ವರ್ಷ ಕೇಳಿದ್ದೇನೆ.

ಮೇಷ್ಟ್ರು ಕೈ ಇಳಿಸಿದರು. "ಯಾರ್ರೀ ಅದು? ಇಲ್ಲಿ ಗಂಡಸರು ಹಾಡೋ ಹಾಗಿಲ್ಲ."

"ನಾವು ಬಾಯೇ ತೆಗೀಲಿಲ್ಲ ಸಾರ್" ಎಂದ ಹಿಂದಿನ ಸಾಲಿನವನೊಬ್ಬ.

ಮತ್ತೆ ಹಾಡಿಸಿದರು. ಮತ್ತೆ ಅದೇ ದನಿ. ಆಗ ನಾನು ಎದ್ದು ನಿಂತು, ಗುರುತಿಲ್ಲದ ಅಷ್ಟು ಜನರ ಮುಂದೆ, ಅವರನ್ನು ಕರೆದು, ಹಾಡಿಕೊಂಡು ಅತ್ತೆ. ಹುಡುಗಿಯರು ಅದೇಕೋ ನಿಲ್ಲಿಸಲಿಲ್ಲ. ನಾನು ಅತ್ತು ಮುಗಿಸುವ ಹೊತ್ತಿಗೆ ಆ ದನಿ ಇರಲಿಲ್ಲ.

ಗೋಡೆಗೆ ಬಡಿದು ತಿರುಗಿ ಬಂದ ಸದ್ದು ಅದು ಎಂದು ಮೇಷ್ಟ್ರು ಆಮೇಲೆ ತಿಳಿಯಹೇಳಿದರು. ಓದಿದವರು, ಇರಬಹುದು. ಗೋಡೆ ಕಾಯಿ ಸುಲಿದದ್ದನ್ನು ಮಾತ್ರ ನಾನು ಕಂಡಿಲ್ಲ.

ಅದೇನೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಆ ಹಾಡು ಈಗಲೂ ಹಿಡಿಸುವುದಿಲ್ಲ. ನಾನು ಹೋದ ಮೇಲೆ ನೀವು ಅದನ್ನು ಹಾಡಲೇಬೇಕೆಂದರೆ ಹಾಡಿಕೊಳ್ಳಿ. ಹುಡುಗಿಯರಷ್ಟೇ ಹಾಡುವ ಆ ಜಾಗ ಬಂದಾಗ ಮಾತ್ರ, ಗಂಡಸರು ಸುಮ್ಮನಿರಲಿ.