ಕಿಸೆ ಇಲ್ಲದ ಬಿಳಿ ಬಟ್ಟೆ

ಮೊನ್ನೆ ಸಂಜೆ ಪ್ಲಾಸ್ಟಿಕ್ ಚೀಲ ಹರಿದು ಹೊಸ ಡೋಬೋಕ್ ಹೊರಗೆಳೆದ ಕೂಡಲೇ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಡೋಬೋಕ್ ಅಂದರೆ ಟೇಕ್ವಾಂಡೊ ಆಡುವವರು ತೊಡುವ ಬಿಳಿ ಅಂಗಿ, ಬಿಳಿ ಪ್ಯಾಂಟು. ವಿಜಯಪುರದಲ್ಲಿ ಪುರುಷರ, ಮಹಿಳೆಯರ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆದಿದೆ. ನೇಪಾಳದವರು ಬಂದಿದ್ದಾರೆ, ಶ್ರೀಲಂಕಾದವರು ಬಂದಿದ್ದಾರೆ, ಬಬಲೇಶ್ವರದಲ್ಲಿ ನನ್ನ ಹತ್ತಿರ ಕಲಿತ ನಿಡೋಣಿಯ ಹುಡುಗಿಯೂ ಆಡುತ್ತಿದ್ದಾಳೆ. ಅವಳಿಗೆಂದು ತಂದ ಬಟ್ಟೆ ಅದು. ಮೂಸಿದೆ... ಇಪ್ಪತ್ತೆರಡು ವರ್ಷ ಹಿಂದಕ್ಕೆ, ತಿಕೋಟಾದ ನಮ್ಮ ಓಣಿಗೆ ಹೋಗಿಬಿಟ್ಟೆ.

ನಮ್ಮ ಪಕ್ಕದ ಮನೆ ಚಾಚಿಯದು. ಗಂಡ ತೀರಿಕೊಂಡ ಮೇಲೆ ಅವನ ಹೊಲಿಗೆ ಮಷಿನ್ನನ್ನು ತಾನೇ ತುಳಿಯತೊಡಗಿ, ಊರಿನ ಅರ್ಧ ಹೆಣ್ಣುಮಕ್ಕಳ ಜಂಪರು, ಶಾಲೆ ಮಕ್ಕಳ ಸಮವಸ್ತ್ರ ಎಲ್ಲ ಹೊಲಿದವಳು. ನಾಲಿಗೆ ಕತ್ತರಿಗಿಂತ ಹರಿತ. ಕೇಳಲಿ ಬಿಡಲಿ, ಏನು ಹೊಲಿದರೂ ಅದಕ್ಕೊಂದು ಕಿಸೆ ಇಟ್ಟೇ ತೀರುವಳು. ಫ್ರಾಕಿಗೆ, ಲಂಗಕ್ಕೆ, ಒಮ್ಮೆ ನಮ್ಮವ್ವನ ದಿಂಬಿನ ಚೀಲಕ್ಕೂ ಇಟ್ಟಿದ್ದಳು. ಅವ್ವ ನಕ್ಕು ನಕ್ಕು ಸಾಕಾಗಿ, ಅದರಲ್ಲೇ ತನ್ನ ಕನ್ನಡಕ ಇಟ್ಟುಕೊಳ್ಳತೊಡಗಿದಳು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಡ್ರಿಲ್ ಮಾಸ್ತರರು ವಿಜಯಪುರದ ಟೇಕ್ವಾಂಡೊ ಜಿಲ್ಲಾ ಆಯ್ಕೆಗೆ ನನ್ನ ಹೆಸರು ಬರೆದುಕೊಟ್ಟರು. ಅಪ್ಪ ಕೆಂಡವಾದ.

“ನಾಕ ಮಂದ್ಯಾಗ ಹೆಣ್ಮಗಳು ಕಾಲ ಎತ್ತೂದಂದ್ರ ಏನು? ನಾಳೆ ಯಾರ ಮನಿ ತುಂಬಿಸ್ಕೋತಾರ ಇಕೀನ್ನ?”

ಗೋಡೆಯಾಚೆ ಮಷಿನ್ನಿನ ಸದ್ದು ನಿಂತಿತು. ಚಾಚಿಯ ತಲೆ ಗೋಡೆಯ ಮೇಲೆ ಮೂಡಿತು.

“ಅಣ್ಣಾರ, ಇಪ್ಪತ್ತ ವರ್ಷ ಇದ ಕಾಲಿಲೆ ಮಷಿನ್ ತುಳದ ಮಕ್ಕಳನ್ನ ಸಾಕೇನಿ. ಹೆಣ್ಮಕ್ಕಳ ಕಾಲಿಗೆ ಏನ ರೋಗ ಬಂದೈತ್ರಿ? ನಾನ ಕರ್ಕೊಂಡ ಹೋಗ್ತೇನಿ, ನಾನ ಕರ್ಕೊಂಡ ಬರ್ತೇನಿ.”

ಚಾಚಿಯ ಜೊತೆ ವಾದ ಮಾಡಿ ಗೆದ್ದವರು ಓಣಿಯಲ್ಲಿ ಯಾರೂ ಇರಲಿಲ್ಲ. ಅಪ್ಪ ಇಳಿದ, ಆದರೆ ಪೂರ್ತಿ ಅಲ್ಲ. “ಇದೊಂದ ಸಲ ಭಾಬಿ. ಅಲ್ಲಿಂದ ಹಿಂದಕ್ಕ ಕಳಿಸಿದ್ರ ಈ ಮಾತ ಮುಗೀತು.”

ಚಾಚಿಯ ಬಾಯಲ್ಲಿ ಟೇಕ್ವಾಂಡೊ ‘ಟಾಂಗ್‌ವಾಂಡೊ’ ಆಯಿತು. ಟಾಂಗ್ ಅಂದರೆ ಅವಳ ಮನೆಮಾತು ಉರ್ದುವಿನಲ್ಲಿ ಕಾಲು. ಕಾಲಿನ ಆಟಕ್ಕೆ ಅದೇ ಸರಿಯಾದ ಹೆಸರು ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಬಿಳಿ ಮಾಂಜರಪಾಟ ಬಟ್ಟೆ ತಂದು, ಗಂಜಿ ಹಾಕಿ, ಮಾಸ್ತರರು ಬರೆದುಕೊಟ್ಟ ಚಿತ್ರ ನೋಡಿ ಕತ್ತರಿಸಿದಳು. “ಚಾಚಿ, ಇದಕ್ಕ ಕಿಸೆ ಬ್ಯಾಡಂತ” ಅಂದೆ. ಅವಳ ಕಾಲು ಮಷಿನ್ನಿನ ಪೆಡಲಿನ ಮೇಲೇ ನಿಂತಿತು.

“ಕಿಸೆ ಇರಲಾರದ ಬಿಳೀ ಬಟ್ಟಿ ಒಂದ ಐತಿ ನೋಡ ಮಗಳ, ಕಫನ್. ಅದನ್ನ ಸತ್ತವರಿಗೆ ಸುತ್ತತಾರ. ಜೀವಂತ ಹುಡಿಗಿಗೆ ನಾ ಅದನ್ನ ಹೊಲ್ಯಂಗಿಲ್ಲ.”

ಎಡಗಡೆ ಎದೆಯ ಮೇಲೆ ಅಂಗೈಯಗಲದ ಕಿಸೆ ಬಂತು.

ವಿಜಯಪುರದಲ್ಲಿ ನನ್ನ ಸರದಿ ಬಂದಾಗ ರೆಫರಿ ಕಣ್ಣು ನೇರ ಅಲ್ಲಿಗೇ ಹೋಯಿತು. ಕಿಸೆಯಲ್ಲಿ ಎದುರಾಳಿಯ ಬೆರಳು ಸಿಕ್ಕಿ ಮುರಿದೀತು, ಈ ಬಟ್ಟೆಯಲ್ಲಿ ಆಡುವಂತಿಲ್ಲ, ಹೊರಗೆ ನಡಿ ಅಂದರು. ಅಪ್ಪನ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಚಾಚಿ ಮಾತ್ರ ಸೀದಾ ರೆಫರಿಯ ಮುಂದೆ ಹೋಗಿ ನಿಂತಳು.

“ಸಾಹೇಬ್ರ, ನಿಮ್ಮ ಅಂಗಿಗೆ ಎಷ್ಟ ಕಿಸೆ ಅದಾವ್ರಿ?”

“ಎರಡ... ಯಾಕ್ರೀ?”

“ಹುಡಿಗಿಗೆ ಒಂದ ಇದ್ರ ಭಾರ ಆತೇನ್ರಿ? ಇರ್ಲಿ, ಹೊರಗ ಇರಬಾರದಲ್ಲ? ಹತ್ತ ನಿಮಿಷ ಕೊಡ್ರಿ.”

ಸೂಜಿ ದಾರ ಅವಳ ಸೆರಗಿನ ತುದಿಯಲ್ಲಿ ಯಾವಾಗಲೂ ಇರುತ್ತಿದ್ದವು. ನನ್ನನ್ನು ಹೆಣ್ಣುಮಕ್ಕಳ ಕೋಣೆಗೆ ಎಳೆದೊಯ್ದು, ಅಂಗಿ ಬಿಚ್ಚಿಸಿ, ಕಿಸೆ ಕಿತ್ತು, ಅದನ್ನೇ ಒಳಮಗ್ಗುಲಿಗೆ ಹೊಲಿದು, ಹಲ್ಲಿನಿಂದ ದಾರ ಕಡಿದಳು. ಆ ದಿನ ಕೊನೆಯ ಪಂದ್ಯದಲ್ಲಿ ಸೋತೆ, ಆದರೆ ಎರಡನೆಯವಳಾಗಿ ರಾಜ್ಯಮಟ್ಟಕ್ಕೆ ಹೆಸರು ಬಂತು. ಬಸ್ಸಿನಲ್ಲಿ ನಾನು ಸೋತಿದ್ದಕ್ಕೆ ಅಳುತ್ತಿದ್ದರೆ ಚಾಚಿ ಬೈದಳು: “ಕಣಕ್ಕ ಇಳದ ಸೋತೀಯಲ್ಲ. ಮನ್ಯಾಗ ಕುಂತ ಸೋತವರನ್ನ ನಾ ಓಣಿ ತುಂಬ ನೋಡೇನಿ.” ಅಪ್ಪ ಮತ್ತೆ ಆ ಮಾತು ತೆಗೆಯಲಿಲ್ಲ. ತೆಗೆದಿದ್ದರೂ ಗೋಡೆಯಾಚೆ ಚಾಚಿ ಇದ್ದಳು.

ಚಾಚಿ ಹೋಗಿ ನಾಲ್ಕು ವರ್ಷವಾಯಿತು. ಸುದ್ದಿ ತಿಳಿದು ಬಬಲೇಶ್ವರದಿಂದ ಓಡಿದೆ. ಮನೆಯ ಹೆಣ್ಣುಮಕ್ಕಳು ಜಾಗ ಬಿಟ್ಟು ಮುಖ ತೋರಿಸಿದರು. ಬಿಳಿ ಬಟ್ಟೆ... ನನ್ನ ಕಣ್ಣು ಅದರಲ್ಲಿ ಕಿಸೆ ಹುಡುಕಿತು. ಇರಲಿಲ್ಲ. ಅಷ್ಟೊಂದು ಜನರಿಗೆ ಕಿಸೆ ಕೊಟ್ಟವಳಿಗೆ ಒಂದೂ ಇರಲಿಲ್ಲ. ಅತ್ತುಬಿಟ್ಟೆ, ದುಃಖಕ್ಕಿಂತ ಹೆಚ್ಚು ಸಿಟ್ಟಿನಿಂದ ಅತ್ತೆ.

ಅವತ್ತಿನಿಂದ ನನ್ನ ಹುಡುಗಿಯರ ಪ್ರತಿ ಡೋಬೋಕಿಗೂ ಒಳಗೆ ಒಂದು ಕಿಸೆ ಹೊಲಿಯುತ್ತೇನೆ. ನನ್ನ ಹೊಲಿಗೆ ಸೊಟ್ಟ. ಚಾಚಿ ಕಂಡಿದ್ದರೆ ಬಿಚ್ಚಿ ಮುಖಕ್ಕೆ ಎಸೆಯುತ್ತಿದ್ದಳು.

ನಿನ್ನೆ ಬೆಳಿಗ್ಗೆ ತಪಾಸಣೆಯ ಮೇಜಿನಲ್ಲಿ ಕುಳಿತಿದ್ದ ಹೆಣ್ಣುಮಗಳ ಬೆರಳು ನಿಡೋಣಿ ಹುಡುಗಿಯ ಅಂಗಿಯ ಒಳಗೆ ತಡೆಯಿತು. “ಮೇಡಂ, ಇದೇನ್ರಿ? ಇದರಾಗ ಏನರ ಇಡೂದೈತೇನು?”

“ಏನೂ ಇಡೂದಿಲ್ರಿ. ಹುಡಿಗಿ ಜೀವಂತ ಅದಾಳ ಅನ್ನೂದಕ್ಕ ಗುರುತ.”

ಆಕೆ ನನ್ನ ಮುಖ ನೋಡಿದಳು. ಬಿಚ್ಚು ಅಂದಿದ್ದರೆ ಜಗಳಕ್ಕೆ ನಿಲ್ಲುವವಳೇ ನಾನು, ಸೂಜಿ ದಾರವೂ ಸೆರಗಿನಲ್ಲಿತ್ತು. ಆಕೆ ಹುಡುಗಿಯ ಮುಂಗೈಗೆ ತಪಾಸಣೆಯ ಮುದ್ರೆ ಒತ್ತಿದಳು.

ಕಣದ ಬದಿಯಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು. ಅದು ಯಾರಿಗೆಂದು ಯಾರೂ ಕೇಳಲಿಲ್ಲ. ಪಂದ್ಯ ಶುರುವಾಯಿತು. ನಿಡೋಣಿಯ ಹುಡುಗಿ ನಾಕು ಮಂದಿಯ ನಡುವೆ, ನಾಕು ದೇಶದ ಮಂದಿಯ ನಡುವೆ, ತಲೆಯೆತ್ತರಕ್ಕೆ ಕಾಲೆತ್ತಿದಳು.