ಏಳು ರಾತ್ರಿ, ದಾಸಣ್ಣನ ಸರದಿ

ಬೆಳಗ್ಗೆ ಏಳು ಗಂಟೆಗೆ ದಾಸಣ್ಣ ನೈಲಾನ್ ಬಲೆಯ ಒಂದು ಮೂಲೆ ಎತ್ತಿ ಹಿಡಿದು ಕುರಿಗಳನ್ನು ಒಂದೊಂದಾಗಿ ಹೊರಗೆ ಬಿಡುತ್ತಿದ್ದ. ಎಡಗೈ ಪ್ರತಿ ಕುರಿಯ ಬೆನ್ನನ್ನು ಮುಟ್ಟುತ್ತಿತ್ತು. ಅವನ ಎಣಿಕೆ ನಡೆಯುವುದು ಬಾಯಲ್ಲಿ ಅಲ್ಲ, ಆ ಕೈಯಲ್ಲಿ. ಐವತ್ತೆರಡಕ್ಕೆ ಬಂದಾಗ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಳ್ಳಲು ಶುರುವಾಯಿತು. ಅವನು ತೆಗೆಯಲಿಲ್ಲ. ಎಪ್ಪತ್ತನಾಲ್ಕನೆಯದಾಗಿ ಕುಂಟು ಮರಿ ಹೊರಬಿದ್ದ ಮೇಲೆ ಬಲೆ ಕೆಳಗಿಟ್ಟು ಫೋನು ಕಿವಿಗೆ ಹಿಡಿದ.

"ಬಾವಾ, ನಿಮ್ ಆಧಾರ್ ಕಾರ್ಡ್ ಎಲ್ಲಿಟ್ಟಿದೀರ?" ತಮ್ಮನ ಹೆಂಡತಿ ಯಶೋದಳ ದನಿ.

"ಯಾಕಮ್ಮ? ರೇಷನ್ನಿಗೆ ಮತ್ತೆ ಹೆಬ್ಬೆಟ್ಟು ಒತ್ಬೇಕಾ?"

"ರೇಷನ್ನಿಗಲ್ಲ, ಊಟಿಗೆ. ಈ ಸತಿ ನಿಮ್ ಹೆಸರು ಹಾಕ್ಸಿದೀನಿ."

ದಾಸಣ್ಣ ಕುಂಟು ಮರಿಯನ್ನು ಕೋಲಿನಿಂದ ಮಂದೆಯ ಕಡೆಗೆ ತಿರುಗಿಸಿದ. ಆಮೇಲೆ, "ಇಲ್ಲಿ ಸಿಗ್ನಲ್ ಸರ್ಯಾಗಿ ಸಿಗಾಕಿಲ್ಲ ಕಣಮ್ಮ" ಎಂದು ಫೋನು ಆರಿಸಿದ. ಮೊಬೈಲ್ ಟವರು ಅವನು ನಿಂತಿದ್ದ ಹೊಲದ ಬದುವಿನಲ್ಲೇ ಇತ್ತು.

ದಾಸಣ್ಣನಿಗೆ ಈಗ ಐವತ್ತೇಳು. ಶಿರಾದಿಂದ ಹತ್ತು ಕಿಲೋಮೀಟರ್ ದೂರದ ಗೊಲ್ಲರಹಟ್ಟಿಯಲ್ಲಿ ಒಂದೇ ಅಂಗಳಕ್ಕೆ ಎರಡು ಮನೆಗಳಿವೆ. ಒಂದರಲ್ಲಿ ದಾಸಣ್ಣ ಮತ್ತು ಅವನ ಹೆಂಡತಿ ಕೊಲ್ಲಾಪುರಮ್ಮ. ಇನ್ನೊಂದರಲ್ಲಿ ತಮ್ಮ ಜಯರಾಮು, ಯಶೋದ, ಕಾಲೇಜಿಗೆ ಹೋಗುವ ಮಗಳು ಲೋಹಿತಾ. ಜಯರಾಮು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್. ಯಶೋದ ಶಿರಾದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೇಡಂ. ಕುರಿಗಳು ಎರಡೂ ಮನೆಗೆ ಸೇರಿದವು. ಕಾಯುವವನು ಮಾತ್ರ ದಾಸಣ್ಣ ಒಬ್ಬನೇ.

ಬೇಸಿಗೆ ಉಳುಮೆಗೆ ಮುಂಚೆ ಅವನ ಕುರಿಗಳಿಗೆ ಬೇಡಿಕೆ ಹೆಚ್ಚು. ರೈತರು ತಮ್ಮ ಹೊಲದಲ್ಲಿ ಮಂದೆ ಹಾಕಿಸುತ್ತಾರೆ. ಎಂದರೆ, ರಾತ್ರಿಯಿಡೀ ಕುರಿಗಳನ್ನು ಹೊಲದಲ್ಲೇ ಬಲೆಯೊಳಗೆ ಮಲಗಿಸುತ್ತಾರೆ. ಹಿಕ್ಕೆ ಮತ್ತು ಗಂಜಲ ಮಣ್ಣಿಗೆ ಗೊಬ್ಬರವಾಗುತ್ತದೆ. ಪ್ರತಿಯಾಗಿ ದಾಸಣ್ಣನಿಗೆ ರಾಗಿ, ಕಾಸು, ಎರಡು ಹೊತ್ತಿನ ಊಟ. ಯಾವ ಹೊಲಕ್ಕೆ ಎಷ್ಟು ರಾತ್ರಿ, ಯಾವ ವಾರ ಎನ್ನುವುದು ಸಂಕ್ರಾಂತಿಯ ಹೊತ್ತಿಗೆಲ್ಲ ಮಾತಾಗಿರುತ್ತದೆ. ಒಬ್ಬನಿಗೆ ಆಗದಿದ್ದರೆ ತನ್ನ ರಾತ್ರಿಗಳನ್ನು ಪಕ್ಕದವನಿಗೆ ಬಿಟ್ಟುಕೊಟ್ಟು, ಅವನ ಸರದಿಯನ್ನು ತಾನು ತೆಗೆದುಕೊಳ್ಳುತ್ತಾನೆ. ಇಷ್ಟೂ ದಾಸಣ್ಣನ ತಲೆಯಲ್ಲಿದೆ. ಒಂದು ಚೀಟಿಯೂ ಇಲ್ಲ.

ಹೀಗಿದ್ದ ಮನೆಗೆ ಊಟಿ ಬಂದದ್ದು ಆರು ವರ್ಷದ ಹಿಂದೆ. ನಿಮಗೆ ಬಹುಮಾನ ಬಂದಿದೆ, ದಂಪತಿ ಸಮೇತ ಬನ್ನಿ ಎಂದು ಜಯರಾಮುವಿಗೆ ಒಂದು ಫೋನು ಬಂದಿತ್ತು. ಯಶೋದಳಿಗೆ ಶಾಲೆಯಲ್ಲಿ ತಪಾಸಣೆ ಇತ್ತು. ಅವನು ಅತ್ತಿಗೆಯನ್ನು ಕರೆದುಕೊಂಡು ತುಮಕೂರಿನ ಹೋಟೆಲಿಗೆ ಹೋದ. ಕೋಟು ಹಾಕಿದ ಹುಡುಗರು ನಾಲ್ಕು ತಾಸು ಮಾತಾಡಿದರು. ಸಂಜೆ ಇಬ್ಬರೂ ಒಂದು ಇಸ್ತ್ರಿಪೆಟ್ಟಿಗೆ ಮತ್ತು ಒಂದು ದಪ್ಪನೆಯ ಫೈಲಿನೊಂದಿಗೆ ವಾಪಸಾದರು. ಇಸ್ತ್ರಿಪೆಟ್ಟಿಗೆ ಬಹುಮಾನ. ಫೈಲು ರೆಸಾರ್ಟ್ ಕಂಪನಿಯ ಸದಸ್ಯತ್ವ: ವರ್ಷಕ್ಕೆ ಏಳು ರಾತ್ರಿಯಂತೆ ಇಪ್ಪತ್ತೈದು ವರ್ಷ, ಕಂಪನಿಯ ಯಾವ ಊರಿನ ರೆಸಾರ್ಟಾದರೂ ಸರಿ, ಒಂದು ಮನೆ, ನಾಲ್ಕು ಜನ.

ಅದಕ್ಕೆ ಕಟ್ಟಬೇಕಾದ ಕಂತಿನ ದುಡ್ಡು ಕೇಳಿ ಯಶೋದ ಎರಡು ತಿಂಗಳು ಗಂಡನ ಜೊತೆ ನೆಟ್ಟಗೆ ಮಾತಾಡಲಿಲ್ಲ. ದಾಸಣ್ಣ ಮಾತ್ರ ಅಂಗಳದಲ್ಲಿ ಕೂತು ತಮ್ಮನನ್ನು ತಾಳ್ಮೆಯಿಂದ ವಿಚಾರಿಸಿದ್ದ.

"ಮನೆ ನಮ್ದಾ?"

"ನಮ್ದೇ ಅಣ್ಣ. ಅಂದ್ರೆ ಏಳು ರಾತ್ರಿ ನಮ್ದು."

"ಮಿಕ್ಕಿದ್ ರಾತ್ರಿ?"

"ಬೇರೆಯವ್ರು ಇರ್ತಾರೆ. ಅವ್ರಿಗೂ ಏಳೇಳು."

"ನಮ್ಗಾಗ್ದಿದ್ರೆ ಬೇರೆಯವ್ರಿಗೆ ಬುಟ್ಕೊಡ್ಬೌದಾ?"

ಜಯರಾಮುವಿಗೆ ಅದು ಗೊತ್ತಿರಲಿಲ್ಲ. ಯಶೋದ ಫೈಲು ಬಿಚ್ಚಿ ಓದಿ, ಮೊದಲೇ ಹೆಸರು ಕಳಿಸಿದರೆ ನೆಂಟರನ್ನು ಕಳಿಸಬಹುದಂತೆ ಎಂದಳು.

"ಅಂಗಾದ್ರೆ ಮಂದೆ ಹಾಕ್ದಂಗೇ ಬುಡು" ಎಂದ ದಾಸಣ್ಣ. "ಇಷ್ಟಕ್ಕೆ ಕೋಟು ಹಾಕ್ಕೊಂಡು ನಾಕ್ ತಾಸು ಮಾತಾಡಿದ್ರಾ?"

ಅಲ್ಲಿಯವರೆಗೆ ಆ ಮನೆಯವರ ಪ್ರಯಾಣ ಎಂದರೆ ಮದುವೆ, ಸತ್ತವರ ಮಣ್ಣು, ಆಸ್ಪತ್ರೆ. ಮೂರಕ್ಕೂ ಬೆಳಗ್ಗೆ ಹೋಗಿ ಸಂಜೆ ಬರುವುದು. ಕುರಿ ಇರುವ ಮನೆಯಲ್ಲಿ ಯಾರೂ ಒಂದು ರಾತ್ರಿಯೂ ಪರಊರಲ್ಲಿ ಉಳಿಯುವ ಮಾತಿರಲಿಲ್ಲ. ಆ ಅಭ್ಯಾಸ ಎಷ್ಟು ಆಳದ್ದೆಂದು ತಿಳಿದದ್ದು ಮೊದಲ ಸಲ ಊಟಿಗೆ ಹೋದಾಗ. ಜಯರಾಮು, ಯಶೋದ, ಲೋಹಿತಾ, ಕೊಲ್ಲಾಪುರಮ್ಮ ನಾಲ್ವರೂ ಭಾನುವಾರ ಹೋದರು. ಸೋಮವಾರ ಕೆರೆ, ತೋಟ ಎಲ್ಲ ನೋಡಿದರು. ಮಂಗಳವಾರ ರಾತ್ರಿ ರೆಸಾರ್ಟಿನ ಅಡುಗೆಮನೆಯಲ್ಲಿ ಕೊಲ್ಲಾಪುರಮ್ಮ ಮುದ್ದೆ, ಹುರುಳಿ ಸಾರು ಮಾಡಿದಳು. ಉಂಡಾದ ಮೇಲೆ ಯಾರೂ ಏನೂ ಹೇಳದೆ ನಾಲ್ವರೂ ಬ್ಯಾಗು ತುಂಬತೊಡಗಿದರು. ಇನ್ನೂ ನಾಲ್ಕು ರಾತ್ರಿ ಇದೆ ಎಂದು ಕೌಂಟರಿನ ಹುಡುಗಿ ಎರಡು ಸಲ ಹೇಳಿದಳು. "ಕುರಿ ಅವೆ ಕಣಮ್ಮ" ಎಂದಳು ಕೊಲ್ಲಾಪುರಮ್ಮ. ಬುಧವಾರ ಸಂಜೆ ಎಲ್ಲರೂ ಹಟ್ಟಿಯಲ್ಲಿದ್ದರು.

ದಾಸಣ್ಣನಿಗೆ ಅಂದು ಬಂದ ಸಿಟ್ಟು ಮನೆಯವರಿಗೆ ಇನ್ನೂ ನೆನಪಿದೆ. ಕುರಿ ಕಾಯಲು ತಾನಿರುವಾಗ ಯಾಕೆ ಬಂದಿರಿ ಎಂಬುದಲ್ಲ ಅವನ ಸಿಟ್ಟು.

"ಗೊತ್ತು ಮಾಡಿದ್ ರಾತ್ರಿ ಖಾಲಿ ಬುಟ್ ಬಂದ್ರಾ? ನಾಕು ರಾತ್ರಿ? ಲೇ ಜಯರಾಮ, ಹೊಲ್ದಾಗೆ ಬಲೆ ಕಟ್ಟಿ, ಒಳೀಕೆ ಒಂದ್ ಕುರೀನೂ ಬುಡ್ದೆ ಬಂದಂಗಾಯ್ತು ಕಣ್ಲಾ!"

ಮರುವರ್ಷದಿಂದ ಏಳು ರಾತ್ರಿಗಳ ಉಸ್ತುವಾರಿಯನ್ನು ಅವನೇ ತೆಗೆದುಕೊಂಡ. ಮುರುಡೇಶ್ವರಕ್ಕೆ ಬುಕ್ ಆಗಿತ್ತು. ಮೊದಲ ಮೂರು ರಾತ್ರಿ ಇವರು, ಮಿಕ್ಕ ನಾಲ್ಕು ರಾತ್ರಿ ಪಾವಗಡದ ಕಡೆ ಕೊಟ್ಟಿರುವ ತಂಗಿ ಸರೋಜಮ್ಮನ ಮನೆಯವರು. "ಏಮಣ್ಣಾ, ನಮ್ಗೂ ಸಮುದ್ರನಾ?" ಎಂದು ಸರೋಜಮ್ಮ ಫೋನಿನಲ್ಲೇ ಅತ್ತಿದ್ದಳು. ಎಲ್ಲರಿಗೂ ಹೊಸ ಜಾಗವೆಂದು ಜಯರಾಮು ಏಳೂ ರಾತ್ರಿ ಅಲ್ಲೇ ಉಳಿದು, ಮೊದಲು ಬಂದವರನ್ನು ಬಸ್ಸು ಹತ್ತಿಸಿ, ಆಮೇಲೆ ಬಂದವರನ್ನು ಬಸ್ಸಿನಿಂದ ಇಳಿಸಿಕೊಂಡ. ಅದರ ಮುಂದಿನ ವರ್ಷಗಳಲ್ಲಿ ಕೊಲ್ಲಾಪುರಮ್ಮನ ತವರಿನವರು, ಯಶೋದಳ ಅಮ್ಮ, ಲೋಹಿತಾಳ ಮೂವರು ಗೆಳತಿಯರು. ಯಾರು ಯಾವತ್ತು ಹೊರಡಬೇಕು, ಯಾರು ಯಾವತ್ತು ಜಾಗ ಬಿಡಬೇಕು ಎಲ್ಲವನ್ನೂ ದಾಸಣ್ಣ ಕುರಿಗಳ ಹಿಂದೆ ನಡೆಯುತ್ತಲೇ ಫೋನಿನಲ್ಲಿ ಹೇಳುತ್ತಿದ್ದ. ಐದು ವರ್ಷದಲ್ಲಿ ಆ ಬಳಗದ ಇಪ್ಪತ್ತೊಂದು ಜನ ರೆಸಾರ್ಟಿನ ಹಾಸಿಗೆಯಲ್ಲಿ ಮಲಗಿ ಬಂದರು. ಕೊಲ್ಲಾಪುರಮ್ಮ ರಾಗಿ ಹಿಟ್ಟು, ಹುರುಳಿ, ಮುದ್ದೆ ಕೋಲು ಇರುವ ಒಂದು ಚೀಲವನ್ನು ವರ್ಷವಿಡೀ ಬೀರುವಿನ ಮೇಲೆ ಸಿದ್ಧ ಇಟ್ಟಿರುತ್ತಾಳೆ. ಮದುವೆಯ ದಿನ ಗೊತ್ತು ಮಾಡುವವರು ಮೊದಲು ಇವರಿಗೆ ಫೋನು ಮಾಡಿ, "ನಿಮ್ ಏಳು ರಾತ್ರಿ ಯಾವಾಗ?" ಎಂದು ಕೇಳುತ್ತಾರೆ.

ಹೋಗದೆ ಉಳಿದವನು ಒಬ್ಬನೇ.

ಅವನಿಗೆ ಆಸೆಯಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಹಾಗಲ್ಲವೆಂದು ಗೊತ್ತಿದ್ದದ್ದು ಕೊಲ್ಲಾಪುರಮ್ಮನಿಗೆ. ಊಟಿಯ ಹತ್ತಿರದ ಗುಡ್ಡದಲ್ಲಿ ಬಸ್ಸಿನ ಕಿಟಕಿಯಿಂದ ಬಿಳಿ ಕುರಿಗಳ ಹಿಂಡು ನೋಡಿದೆ, ಉಣ್ಣೆ ಗೇಣುದ್ದ ಇತ್ತು ಎಂದು ಅವಳು ಮೊದಲ ಸಲ ಬಂದಾಗ ಹೇಳಿದ್ದಳು. ದಾಸಣ್ಣ ಅಂದಿನಿಂದ ಅದನ್ನು ಬಿಟ್ಟಿರಲಿಲ್ಲ. ಮುಖ ಕಪ್ಪೋ ಬಿಳಿಯೋ? ಕಿವಿ ನಿಂತಿತ್ತೋ ಜೋತಿತ್ತೋ? ಆ ಮಂಜಿನಲ್ಲಿ ಗೊರಸು ಕೊಳೆಯುವುದಿಲ್ಲವೇ? ಉಣ್ಣುವಾಗ, ಕಂಬಳಿ ಕೊಡವುವಾಗ, ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಈ ಮಾತು ಬರುತ್ತಿತ್ತು. ಈ ಜನವರಿಯಲ್ಲಿ ಮತ್ತೆ ಕಿವಿಯ ವಿಚಾರ ಬಂದಾಗ ಅವಳು ಎದ್ದು ಎದುರಿನ ಮನೆಗೆ ಹೋಗಿ ಯಶೋದಳಿಗೆ ಹೇಳಿದಳು: "ಈ ಸತಿ ಊಟಿಗೇ ಹಾಕ್ಸು. ಅವ್ನ ಹೆಸ್ರು ಬರ್ಸು. ಕೇಳಕ್ ಹೋಗ್ಬೇಡ."

ಯಶೋದಳ ಫೋನು ಬಂದ ದಿನ ಸಂಜೆ ಅಂಗಳದಲ್ಲಿ ಎಲ್ಲರೂ ಕೂತರು. ದಾಸಣ್ಣ ಕಾಫಿ ಲೋಟ ಕೆಳಗಿಟ್ಟು, ಆಗುವುದಿಲ್ಲ ಎಂದ. ಊಟಿಗೆ ಬುಕ್ ಆಗಿರುವ ಫೆಬ್ರವರಿಯ ವಾರವೇ ವೃಷಭೇಂದ್ರಪ್ಪನವರ ಹೊಲಕ್ಕೆ ಐದು ರಾತ್ರಿ ಮಾತಾಗಿದೆ. ಅಪ್ಪನ ಕಾಲದಿಂದಲೂ ಆ ಹೊಲಕ್ಕೆ ಮಂದೆ ತಪ್ಪಿಲ್ಲ.

"ನಾನ್ ಕಾಯ್ತೀನಿ ಬುಡಣ್ಣ" ಎಂದ ಜಯರಾಮು.

"ಕಂಬ ಹತ್ತಿದಂಗಲ್ಲ ಕಣ್ಲಾ. ಕಂಬ ನಿಂತಲ್ಲೇ ನಿಂತಿರ್ತದೆ."

ಕೊಲ್ಲಾಪುರಮ್ಮ ಅಡುಗೆಮನೆಯಿಂದಲೇ ಕೂಗಿದಳು. "ಅಲ್ಲಾ ಕಣಯ್ಯ, ಊರೋರಿಗೆಲ್ಲ ರಾತ್ರಿ ಹಂಚಿದ್ಯಲ್ಲ. ಅವ್ರಾಗ್ದಿದ್ರೆ ಇವ್ರು, ಇವ್ರಾಗ್ದಿದ್ರೆ ಅವ್ರು ಅಂತ. ನಿನ್ಗೆ ಅಂತ ಯಾವತ್ತಾನ ಒಂದ್ ರಾತ್ರಿ ಬದಲಾಯಿಸ್ಕೊಡಿ ಅಂತ ಯಾರ್ನಾದ್ರೂ ಕೇಳಿದ್ಯಾ?"

ದಾಸಣ್ಣ ಕಾಫಿ ಲೋಟ ಮತ್ತೆ ಕೈಗೆತ್ತಿಕೊಂಡ. ಕೇಳಿರಲಿಲ್ಲ, ಅದು ನಿಜ.

ಮಾರನೆಯ ದಿನ ಬೆಳಗ್ಗೆ ಅವನು ಕುರಿಗಳನ್ನು ವೃಷಭೇಂದ್ರಪ್ಪನವರ ಮನೆಯ ದಾರಿಯಲ್ಲೇ ಹೊಡೆದುಕೊಂಡು ಹೋದ. ಯಜಮಾನರು ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ದಾಸಣ್ಣ ಮೊದಲು ಬೋರ್‌ವೆಲ್ ನೀರಿನ ವಿಚಾರ ಮಾತಾಡಿದ. ಆಮೇಲೆ ಅವರ ಸೊಸೆಯ ಆರೋಗ್ಯ. ಕೊನೆಗೆ ಕೋಲಿನ ತುದಿ ನೋಡುತ್ತ ಕೇಳಿದ.

"ಯಜಮಾನ್ರೇ, ಆ ಐದು ರಾತ್ರಿ ಒಂದ್ ವಾರ ಮುಂದಕ್ಕಾದ್ರೆ ಆಗ್ತದಾ?"

"ಯಾಕೋ ದಾಸಣ್ಣ, ಮೈ ಹುಷಾರಿಲ್ವಾ?"

"ಚೆನ್ನಾಗಿವ್ನಿ. ಊಟಿಗೆ ಹೋಗ್ಬೇಕಂತೆ."

ವೃಷಭೇಂದ್ರಪ್ಪ ಕಡಲೆಕಾಯಿ ಕೆಳಗಿಟ್ಟು ನಕ್ಕರು. ಉಳುಮೆಗೆ ಟ್ರ್ಯಾಕ್ಟರ್ ಹೇಳಿಯಾಗಿದೆ, ದಿನ ಮುಂದೆ ಹಾಕಲಾಗದು ಎಂದರು. ದಾಸಣ್ಣ ತಲೆಯಾಡಿಸಿ ಹೊರಡಲು ತಿರುಗಿದ.

"ಲೇ ನಿಂತ್ಕೊಳೋ. ನನ್ಗೆ ಬೇಕಾಗಿರೋದು ಕುರಿ. ನೀನೇ ಬಂದು ನನ್ ಹೊಲ್ದಲ್ಲಿ ಮಲಕ್ಕೋ ಅಂತ ಯಾವನ್ ಹೇಳ್ದ? ನಿನ್ ತಮ್ಮನ್ನ ಕಳ್ಸು. ಲೈನ್‌ಮ್ಯಾನ್ ಐದು ರಾತ್ರಿ ಹೊಲ್ದಲ್ಲೇ ಇದ್ರೆ ನನ್ ಮೋಟ್ರಿಗೆ ಕರೆಂಟಾದ್ರೂ ನೆಟ್ಗೆ ಬರ್ತದೆ."

ಹೀಗೆ ಜಯರಾಮುವಿನ ಪಾಠ ಶುರುವಾಯಿತು. ಮೊದಲ ಭಾನುವಾರ ಅವನು ಅಣ್ಣನ ಕಂಬಳಿ ಹೊದ್ದು, ಅಣ್ಣನ ಕೋಲು ಹಿಡಿದು ಹೊರಟ. ಕುರಿಗಳಿಗೆ ಕಂಬಳಿಯ ಗುರುತು ಸಿಕ್ಕಿತು, ದನಿಯ ಗುರುತು ಸಿಗಲಿಲ್ಲ. ಅವನು ಕೂಗಿದಷ್ಟೂ ದೂರ ಹೋದವು. ಒಂಬತ್ತು ಕುರಿಗಳು ಯಾರದೋ ಅವರೆ ಹೊಲಕ್ಕೆ ನುಗ್ಗಿ, ಹೊಲದೊಡತಿ ಜಯರಾಮುವಿನ ಏಳು ತಲೆಮಾರನ್ನೂ ಬೈದಳು. ದಾಸಣ್ಣ ಇಡೀ ದಿನ ಬೇಲಿಯ ಈಚೆ ಮರದ ನೆರಳಲ್ಲಿ ಕೂತು, ತಮ್ಮನ ಸಹಾಯಕ್ಕೆ ಎದ್ದುಹೋಗಬಾರದೆಂದು ಹುಲ್ಲುಕಡ್ಡಿ ಕಚ್ಚುತ್ತಿದ್ದ.

ಎರಡನೆಯ ಭಾನುವಾರ ಅವನು ತಮ್ಮನಿಗೆ ಗುಟ್ಟು ಹೇಳಿಕೊಟ್ಟ. ಎಪ್ಪತ್ತನಾಲ್ಕರಲ್ಲಿ ಒಂದು ಕುರಿಯಲ್ಲ, ಹೋತ. ಕೊರಳಲ್ಲಿ ಗಂಟೆ ಇರುವ ಆ ಹೋತ ಹೋದಲ್ಲಿಗೆ ಮಿಕ್ಕವು ಹೋಗುತ್ತವೆ. ಹೋತಕ್ಕೆ ಬಾಳೆಹಣ್ಣಿನ ಸಿಪ್ಪೆ ಎಂದರೆ ಪ್ರಾಣ.

"ಅಷ್ಟೇನಾ?" ಎಂದ ಜಯರಾಮು. "ಹೋದ್ ವಾರಾನೇ ಹೇಳಕ್ಕೇನಾಗಿತ್ತು?"

"ಹೋದ್ ವಾರ ಹೇಳಿದ್ರೆ ನಾನ್ ಊಟಿಗೆ ಹೋಗ್ಬೇಕಾಗ್ತಿತ್ತು."

ಮೂರನೆಯ ಭಾನುವಾರ ಜಯರಾಮು ಒಬ್ಬನೇ ಹೋಗಿ ಒಬ್ಬನೇ ಬಂದ. ಸಂಜೆ ದಾಸಣ್ಣ ಅಂಗಳದ ಬಾಗಿಲಲ್ಲಿ ನಿಂತು ಬೆನ್ನು ಮುಟ್ಟಿ ಎಣಿಸಿದ. ಎಪ್ಪತ್ತನಾಲ್ಕು. ಇನ್ನೊಂದು ಸಲ ಎಣಿಸಿದ. ಆಮೇಲೆ ಒಳಗೆ ಹೋಗಿ ಟ್ರಂಕಿನ ತಳದಿಂದ ಆಧಾರ್ ಕಾರ್ಡು ತೆಗೆದುಕೊಂಡು ಬಂದು ಯಶೋದಳ ಕೈಗೆ ಕೊಟ್ಟ. ಫೋಟೋದಲ್ಲಿ ಅವನಿಗೆ ಮೀಸೆ ಕಪ್ಪಗಿತ್ತು.

"ಮೂರೇ ರಾತ್ರಿ ಕಣಮ್ಮ" ಎಂದ. "ಬುಧವಾರ ನಾನ್ ಬರ್ತೀನಿ. ಮಿಕ್ಕಿದ್ ನಾಕಕ್ಕೆ ಜಯರಾಮ ಹೋಗ್ಲಿ."

"ಆಯ್ತು ಬಾವ."

"ಆ ಕುರಿ ಇರೋ ಗುಡ್ಡ ರೆಸಾರ್ಟಿಂದ ಎಷ್ಟ್ ದೂರ?"

"ಬಸ್ಸಲ್ಲಿ ಅರ್ಧ ಗಂಟೆ ಅಂತೆ."

"ನಡ್ಕೊಂಡ್ ಹೋದ್ರೆ?"

ಯಶೋದ ಫೋನು ನೋಡಿ, ಹತ್ತು ಕಿಲೋಮೀಟರ್ ಎಂದಳು. ದಾಸಣ್ಣ ಅದನ್ನು ತೂಗಿ ನೋಡುವವನಂತೆ ತಲೆಯಾಡಿಸಿದ. ದಿನಕ್ಕೆ ಅವನು ನಡೆಯುವುದು ಅದಕ್ಕಿಂತ ಹೆಚ್ಚು.

ಯಶೋದ, ಕೊಲ್ಲಾಪುರಮ್ಮ, ದಾಸಣ್ಣ ಮೂವರ ಹೆಸರೂ ಕಂಪನಿಗೆ ಹೋಗಿದೆ, ಒಪ್ಪಿಗೆಯೂ ಬಂದಿದೆ. ಬೀರುವಿನ ಮೇಲಿನ ಚೀಲ ಕೆಳಗೆ ಇಳಿದಿದೆ. ಜಯರಾಮು ರಜೆ ಬರೆದುಕೊಟ್ಟು, ಶಿರಾದ ಹಣ್ಣಿನ ಅಂಗಡಿಯವನಿಗೆ ಬಾಳೆಹಣ್ಣಿನ ಸಿಪ್ಪೆ ಎತ್ತಿಡಲು ಹೇಳಿದ್ದಾನೆ. ಭಾನುವಾರ ಬೆಳಗ್ಗೆ ಆರೂಕಾಲಿಗೆ ಶಿರಾದಿಂದ ಬಸ್ಸು. ಹೋಗುವುದಕ್ಕೆ ಮೂರು ಟಿಕೆಟ್ ಆಗಿವೆ. ಬುಧವಾರ ಬರುವ ಟಿಕೆಟ್ಟನ್ನು ಈಗಲೇ ಮಾಡಿಸಬೇಡ, ಅಲ್ಲಿ ಹೋಗಿ ನೋಡೋಣ ಎಂದು ಶುಕ್ರವಾರ ಸಂಜೆ ದಾಸಣ್ಣನೇ ಯಶೋದಳಿಗೆ ಹೇಳಿದ್ದಾನೆ.